ಗುಂಡಿ

ಬೇಟೆ ಶುರುವಾಗುವ ಶನಿವಾರ. ವಿಸ್ಕಾನ್ಸಿನ್ನಿನ ರೈಸ್ ಲೇಕ್.
ಪೆಟ್ರೋಲ್ ಬಂಕಿನ ಹಿಂದೆ ತಗಡಿನ ಚಪ್ಪರ,
ಒಂದು ತಕ್ಕಡಿ, ಒಂದು ಮೇಜು, ನಾನು.
ಬರುವವರೆಲ್ಲ ಚೆಂಡುಹೂವಿನ ಬಣ್ಣದ ಕೋಟಿನವರು,
ಪೊದೆಯ ಹಿಂದಿರುವುದು ಮನುಷ್ಯನೆಂದು ಮನುಷ್ಯನಿಗೆ ತಿಳಿಯಲಿ ಅಂತ.
ಜಿಂಕೆಗೆ ಆ ಬಣ್ಣ ಕಾಣುವುದಿಲ್ಲವಂತೆ.

ಸತ್ತವುಗಳ ವಯಸ್ಸು ಬರೆಯುವುದು ನನ್ನ ಕೆಲಸ.
ದವಡೆ ಬಿಡಿಸಿ, ಟಾರ್ಚು ಬಿಟ್ಟು, ಹಲ್ಲೆಣಿಸಬೇಕು.
ಮೂರನೆಯ ದವಡೆಹಲ್ಲಿಗೆ ಮೂರು ಮೊನೆಯಿದ್ದರೆ ಅದು ಹಾಲಿನದು,
ಎರಡಿದ್ದರೆ, ಬಿದ್ದು ಮತ್ತೆ ಹುಟ್ಟಿದ್ದು.
ಆಮೇಲೆಲ್ಲ ಸವೆತದ ಲೆಕ್ಕ, ಅಂದಾಜು.

ಇದನ್ನು ಮೊದಲು ಕಲಿತದ್ದು ಇಳಕಲ್ಲಿನ ಕಡೆ,
ಟಗರಿನ ಕಾಳಗದ ಕಣದಲ್ಲಿ. ನಮ್ಮ ಮುತ್ಯಾ
ಟಗರಿನ ತುಟಿಯೆತ್ತಿ ಕೂಗುತ್ತಿದ್ದ:
"ಹಾಲ್ಹಲ್ಲು! ಎರಡ್ಹಲ್ಲು! ನಾಕ್ಹಲ್ಲು!"
ಹಾಲ್ಹಲ್ಲಿನದಕ್ಕೆ ಹಾಲ್ಹಲ್ಲಿನದೇ ಜೋಡಿ.
ದೊಡ್ಡದನ್ನು ತಂದು ಬಿಟ್ಟವನಿಗೆ ಬೈಗುಳ, ಒಮ್ಮೊಮ್ಮೆ ಏಟು.

ಇಲ್ಲಿಯವರು ಬಾಯಿ ನೋಡುವುದಿಲ್ಲ, ನೆತ್ತಿ ನೋಡುತ್ತಾರೆ.
ಮೈಮೇಲೆ ಚುಕ್ಕಿ ಇರುವತನಕ ಫಾನ್.
ಚುಕ್ಕಿ ಮಾಸಿ, ಗಂಡಿನ ನೆತ್ತಿಯ ಕೂದಲಡಿ
ಎರಡು ಗಂಟು ಮೂಡಿದರೆ ಬಟನ್ ಬಕ್.
ಮರುವರ್ಷ ಕವಲಿಲ್ಲದ ಎರಡು ಕಡ್ಡಿ: ಸ್ಪೈಕ್.
ಕವೆಯೊಡೆದರೆ ಫೋರ್ಕಿ. ಆಮೇಲೆ ಹೆಸರು ಹೋಗಿ ಬರೀ ಅಂಕಿ:
ಆರು, ಎಂಟು, ಹತ್ತು,
ಜನ ಕಾಫಿ ಲೋಟ ಹಿಡಿದು ಎದ್ದು ಬಂದು ನೋಡುವ ಅಂಕಿ.
ಹೆಣ್ಣಿಗೆ ಇಷ್ಟು ಮೆಟ್ಟಿಲಿಲ್ಲ.
ಬೆಳೆದಾಗಿನಿಂದ ಹಲ್ಲುದುರುವತನಕ ಡೋ.

ಹನ್ನೊಂದಕ್ಕೆ ಆರ್ವಿಲ್ ಟೆಸ್‌ಡಾಲ್ ಬಂದ.
ಪಿಕಪ್ಪಿನ ಹಿಂದೆ ಒಂದು ಸಣ್ಣದು. ಮುಂದೆ ಮೊಮ್ಮಗಳು ಮಾರೆನ್,
ಹನ್ನೆರಡರ ಹುಡುಗಿ, ಅಜ್ಜನ ಕೋಟು, ಮೂರು ಸುತ್ತು ಮಡಚಿದ ತೋಳು.
"ಇವಳ ಮೊದಲನೆಯದು," ಅಂದ. "ಡೋ. ಒಂದೇ ಗುಂಡು."
ಫೋಟೋಕ್ಕೆ ಫೋನು ಆಗಲೇ ಅವನ ಕೈಯಲ್ಲಿತ್ತು.

ತಲೆ ಹಿಡಿದೆ. ಕೈಗವಸಿನ ಒಳಗಿಂದಲೇ ಗೊತ್ತಾಯಿತು:
ಕಿವಿಗಳ ಮುಂದೆ, ಎರಡು ಗುಂಡಿ.
ಬೆರಳು ಅಲ್ಲೇ ನಿಂತಿತು.
ಆರ್ವಿಲ್ ನನ್ನ ಬೆರಳು ನೋಡಿದ, ತಕ್ಕಡಿ ನೋಡಿದ.
ಅವನಿಗೆ ಗೊತ್ತಿತ್ತು. ಕಾಡಿನಲ್ಲೇ ಗೊತ್ತಿತ್ತು.

ನನ್ನ ನುಡಿಯಲ್ಲಿ ಗುಂಡು, ಗುಂಡಿ, ಗುಂಡಿಗೆ
ಒಂದೇ ಓಣಿಯ ಮನೆಗಳು.
ಅಂಗಿಗೆ ಹಚ್ಚುವುದೂ ಗುಂಡಿ, ಹೂಳಲು ತೋಡುವುದೂ ಗುಂಡಿ.
ಕಾಗದದ ಮೇಲೆ ಇದ್ದದ್ದು ಎರಡು ಖಾನೆ ಮಾತ್ರ.
ಚಳಿಗೆ ಪೆನ್ನು ಬರೆಯಲೊಲ್ಲದು. ಬಾಯಿಯ ಹಬೆ ಕೊಟ್ಟೆ,
ಅಷ್ಟು ಹೊತ್ತು ಸಿಕ್ಕಿತು.

"ಏನಾಯ್ತು?" ಅಂದಳು ಮಾರೆನ್.
ಸುಳ್ಳು ಹೇಳಬಹುದಿತ್ತು. ಕಾನೂನಿಗೆ ತೊಂದರೆಯಿಲ್ಲ,
ಕೊಂಬು ಕಾಣದ್ದಕ್ಕೆಲ್ಲ ಒಂದೇ ಚೀಟಿ.
ಅವಳ ಕೈಗವಸು ಕಳಚಿ, ಬೆರಳು ಹಿಡಿದು, ಅಲ್ಲಿಟ್ಟೆ.
ಸವರಿದಳು, ಲಂಗದ ಅಂಚಿನೊಳಗೆ ಜಾರಿದ ನಾಣ್ಯ ತಡಕುವ ಹಾಗೆ.
"ಗಂಡಾ?"
"ಗಂಡು."
"ಎಷ್ಟು ತಿಂಗಳು?"
"ಆರು."
ಆರಕ್ಕೆ ನಮ್ಮಲ್ಲಿ ಕೂಸಿನ ಬಾಯಿಗೆ ಮೊದಲ ಅನ್ನ ಮುಟ್ಟಿಸುತ್ತಾರೆ.
ಅದನ್ನು ಹೇಳಲಿಲ್ಲ.

ಆರ್ವಿಲ್ ಕೆಮ್ಮಿದ. "ನನ್ನ ಮೊದಲನೆಯದೂ ಇಂಥದ್ದೇ.
ಅಪ್ಪ ಡೋ ಅಂದಿದ್ದ. ಅವನು ಸತ್ತ ವರ್ಷ
ಚಿಕ್ಕಪ್ಪ ಬಾಯಿಬಿಟ್ಟ."
ಫೋನು ಜೇಬಿಗೆ ಹೋಯಿತು.

"ನಿಮ್ಮ ಭಾಷೆಯಲ್ಲಿ ಇದಕ್ಕೇನಂತಾರೆ?"
ಜಿಂಕೆಗೆ ಏನನ್ನುತ್ತಾರೋ ನನಗೆ ತಿಳಿಯದು.
ಮುತ್ಯಾನ ಮಾತೇ ಬಾಯಿಗೆ ಬಂತು: "ಹಾಲ್ಹಲ್ಲು."
ಅವಳ ನಾಲಿಗೆಗೆ ನಡುವಿನ ಉಸಿರು ಸಿಗಲಿಲ್ಲ.
"ಹಾಲಲ್ಲ," ಅಂದಳು. ಮತ್ತೊಮ್ಮೆ, "ಹಾಲಲ್ಲ."
ತಿದ್ದಲಿಲ್ಲ. ಬಾಯಿ ತೆರೆದಾಗ ಎಡದವಡೆಯಲ್ಲಿ
ಒಂದು ಸಂದು ಕಂಡಿತು, ಈಚೆಗೆ ಬಿದ್ದದ್ದು,
ಕೆಳಗೆ ಬಿಳಿ ಮೊನೆ.

ಹಿಂದಿನ ಗಾಡಿ ಹಾರ್ನ್ ಹಾಕಿತು. ಹತ್ತು ಕವಲಿನದಂತೆ,
ಜನ ಅತ್ತ ನಡೆದರು.
ತೂಕ ಬರೆಯುವುದು ಮರೆತಿದ್ದೆ:
ಕರುಳು ತೆಗೆದ ಮೇಲೆ ಐವತ್ತೊಂಬತ್ತು ಪೌಂಡು.