ಎಂಟು ನಂಬರ್, ಎಡಗಾಲು

ಹಾಸನದ ಮಿಲಿಟರಿ ಕ್ಯಾಂಟೀನಿನ ಮುಂದೆ
ತಿಂಗಳ ಮೊದಲ ವಾರ ಸಾಲು ರಸ್ತೆಗೇ ಬರುತ್ತದೆ.
ಎಲ್ಲರೂ ಮುಖ ನೋಡಿ ಮಾತಾಡಿಸುತ್ತಾರೆ,
ನಾನು ಕಾಲು ನೋಡುತ್ತೇನೆ.
ಇಪ್ಪತ್ತೆರಡು ವರ್ಷದ ಚಾಳಿ.

ದುದ್ದದ ಸುಬೇದಾರರು ಏಳು, ಅಗಲ ಹೆಚ್ಚು.
ಹಳೇಬೀಡಿನ ಫಾರೂಕ್ ಹನ್ನೊಂದು. ಹನ್ನೊಂದು ಸಿಗುವುದು ಕಷ್ಟ,
ಇಂಡೆಂಟು ಬರೆದು ಮೂರು ತಿಂಗಳು ಕಾಯಬೇಕು.
ಈಗ ಇಬ್ಬರಿಗೂ ಹವಾಯಿ ಚಪ್ಪಲಿ.

"ಯುದ್ಧ ನೋಡಿದ್ರಾ ಸಾರ್?"
ಕೇಳುತ್ತಾನೆ ಬಿಲ್ಲು ಹಾಕುವ ಹುಡುಗ.
ನೋಡಿದ್ದೀನಪ್ಪ, ಹಿಂದುಗಡೆಯಿಂದ.
ಯುದ್ಧಕ್ಕೂ ಒಂದು ಹಿತ್ತಲಿದೆ.
ಅಲ್ಲಿ ಬೇಳೆ ಬೇಯುತ್ತದೆ, ಕ್ಷೌರ ನಡೆಯುತ್ತದೆ,
ರಜೆ ಚೀಟಿ ಹಿಡಿದು ಗುಮಾಸ್ತ ಮೊಹರು ಹುಡುಕುತ್ತಾನೆ,
ವೈರ್‌ಲೆಸ್ಸಿನ ಬ್ಯಾಟರಿ ತಣ್ಣಗಾಗದಿರಲೆಂದು ಒಬ್ಬ
ಅದನ್ನು ಕಂಬಳಿಯೊಳಗೆ ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಾನೆ.
ನಾನು ಬೂಟು ಕೊಡುತ್ತೇನೆ.

ಕೊಡುವುದೆಂದರೆ ಸುಮ್ಮನಲ್ಲ.
ಹೊಸ ತೊಗಲಿಗೆ ಹಠ, ನೊಗ ಕಾಣದ ಹೋರಿಯ ಹಾಗೆ.
ಬೆರಳಿಟ್ಟು ನೋಡಬೇಕು, ಹಿಮ್ಮಡಿಯಲ್ಲಿ ಎಷ್ಟು ಸಂದು.
ಎರಡು ಕಾಲ್ಚೀಲದ ಜಾಗ ಸಾಕು, ಮೂರನೆಯದು ತೂರಿಸಿದರೆ
ನೆತ್ತರು ಓಡದೆ ಬೆರಳು ಕಪ್ಪಾಗುತ್ತದೆ.
ದೊಡ್ಡ ಸಾಹೇಬರು ಭೂಪಟದ ಮೇಲೆ ಬಾಗಿದ್ದಾಗ
ನಾನು ಬೆರಳು ಎಣಿಸುತ್ತಿದ್ದೆ.
ಐದೂ ಐದೂ ಹತ್ತು ಇದ್ದರೆ ಆ ದಿನ ಗೆದ್ದ ಹಾಗೆ.

ಬಲಬೀರ ನೇಗಿ. ಎಂಟು ನಂಬರ್.
ಕೊಟ್ಟದ್ದು ಸೋಮವಾರ. ಲೇಸು ಕಟ್ಟುತ್ತಾ ಕೇಳಿದ,
ನಿಮ್ಮ ಅರಸೀಕೆರೆಯಲ್ಲಿ ತೆಂಗು ಎಷ್ಟೆತ್ತರ, ಉಸ್ತಾದ್?
ಚಿತ್ರದಲ್ಲಲ್ಲದೆ ತೆಂಗಿನ ಮರ ಕಂಡವನಲ್ಲ.
ಈ ಗೋಡೆಯ ಮೇಲೆ ಇನ್ನೆರಡು ಗೋಡೆ, ಎಂದೆ.
ನಕ್ಕ. ನಂಬಲಿಲ್ಲ.
ಗುರುವಾರ ಸ್ಟ್ರೆಚರಿನಲ್ಲಿ ಬಂದ.
ಎರಡು ತಿಂಗಳ ಮೇಲೆ ಆಸ್ಪತ್ರೆಯಿಂದ ಚೀಟಿ,
ಅವನದೇ ಕೈಬರಹ:
ಬೂಟು, ಎಂಟು ನಂಬರ್, ಬಲಗಾಲು, ಒಂದು.

ನನ್ನ ಲೆಡ್ಜರಿನಲ್ಲಿ ಒಂದಕ್ಕೆ ಕಾಲಮ್ಮೇ ಇಲ್ಲ.
ಪ್ರತಿ ಪುಟದ ತಲೆಯಲ್ಲೂ 'ಜೊತೆ' ಎಂದೇ ಅಚ್ಚು.
ಅರ್ಧ ಎಂದು ಬರೆಯಲು ಪೆನ್ನು ಎತ್ತಿದೆ,
ಏಳಲಿಲ್ಲ.
ಜೊತೆ ಎಂದೇ ಬರೆದೆ. ಒಂದು ಕಳಿಸಿದೆ.
ಒಂದು ಉಳಿಯಿತು.

ಆಡಿಟ್ಟಿನವರು ಕನ್ನಡಕ ಏರಿಸಿದರು:
ಈ ಎಡಗಾಲು ಯಾರದು?
ಇಲ್ಲದ ಕಾಲಿನದು, ಸಾರ್.
ಅದು ಉತ್ತರವಲ್ಲ, ಎಂದು ಬರೆದುಕೊಂಡರು.
ಸಂಬಳದಲ್ಲಿ ನೂರ ನಲವತ್ತು ರೂಪಾಯಿ ಹಿಡಿದರು.
ಹಿಡಿದ ಮೇಲೆ ಬೂಟು ನನ್ನದೇ ತಾನೆ? ರಸೀದಿ ಇದೆ.

ಪೆನ್ಷನ್ನಿನ ಹಿಂದೆಯೇ ಅದೂ ಅರಸೀಕೆರೆಗೆ ಬಂತು.
"ಒಂಟಿ ಬೂಟು ಮನೇಗಾಗಲ್ಲ ಕಣ್ರೀ, ಬಿಸಾಕಿ ಅತ್ಲಾಗೆ"
ಎನ್ನುತ್ತಿದ್ದಳು ಪುಟ್ಟತಾಯಿ, ಎರಡು ವರ್ಷ.
ಭಾನುವಾರ ಅದಕ್ಕೂ ಪಾಲಿಶ್ ಹಾಕುವುದು ನೋಡಿ ನೋಡಿ
ಸುಮ್ಮನಾದಳು.
ಒಮ್ಮೆ ಒಳಗೆ ಇಲಿ ನಾಲ್ಕು ಮರಿ ಹಾಕಿತ್ತು.
ಅವು ಕಣ್ಣು ಬಿಡುವವರೆಗೂ ಪಾಲಿಶ್ ರಜೆ.

ಹೋದ ಮಾಘದಲ್ಲಿ ರೈಲಿಳಿದು ಬಂದೇಬಿಟ್ಟ ನೇಗಿ,
ಮೂರನೇ ಪ್ಲಾಟ್‌ಫಾರ್ಮಿನಲ್ಲಿ, ಒಬ್ಬನೇ, ಟೋಪಿ ಹಾಕಿಕೊಂಡು.
ನನ್ನ ಕಣ್ಣು ಎಂದಿನಂತೆ ಕೆಳಗೇ ಹೋಯಿತು.
ಬಲ ಬೂಟಿನ ಹಿಮ್ಮಡಿ ಸವೆದಿದೆ. ಎಡದ್ದು ಹೊಸತರಂತೆ.

ಮನೆಗೆ ಬಂದು ಜಗಲಿಯ ಮೇಲೆ ಕೂರಿಸಿ
ಬೂಟು ತಂದೆ, ಮಂಡಿಯೂರಿ ಹಾಕಿದೆ.
ಬೆರಳಿಟ್ಟು ನೋಡಿದೆ. ಸಂದು ಬಹಳ.
"ಉಸ್ತಾದ್, ಈ ಹೊಸ ಕಾಲು ಏಳು ನಂಬರು. ಅವರು ಕೊಟ್ಟದ್ದೇ ಅಷ್ಟು."
ಕಾಗದ ತುರುಕಲೇ ಎಂದೆ. ಬೇಡ ಎಂದ.

ಮತ್ತೆ ಅವನೇ ಎದ್ದು, ಹಿತ್ತಲಿಗೆ ನಡೆದು,
ಮರದ ಬುಡದಲ್ಲಿ ನಿಂತು ಕತ್ತೆತ್ತಿದ.
ಟೋಪಿ ಹಿಂದಕ್ಕೆ ಬಿತ್ತು.
"ಸುಳ್ಳ," ಎಂದ ಬಹಳ ಹೊತ್ತಿನ ಮೇಲೆ,
"ಮೂರು ಗೋಡೆ ಅಂದಿದ್ದೆಯಲ್ಲ.
ಐದಿದೆ."