ಮಾದರಿ

ನನ್ನ ಕೆಲಸ ಕಲ್ಲು ಒಡೆಯುವುದು.
ಸುತ್ತಿಗೆಯಿಂದಲ್ಲ; ಹಟ್ಟಿಯ ಲ್ಯಾಬಿನಲ್ಲಿ,
ಫ್ಯಾನಿನ ಕೆಳಗೆ, ಹಸಿರು ಬಣ್ಣದ ಪ್ರೆಸ್ಸಿನಲ್ಲಿ,
ದಿನಕ್ಕೆ ಆರು, ಕೆಲವೊಮ್ಮೆ ಎಂಟು.

ಇಪ್ಪತ್ತೆರಡನೇ ಲೆವೆಲ್ಲಿನಿಂದ ಕೊರೆದು ತಂದ ಉರುಟು ಕಲ್ಲು.
ಎರಡು-ಎರಡರ ಸೈಜಿನ ಬಳೆ ಅದಕ್ಕೆ
ಬಿಗಿಯಾಗಿ ಕೂರುತ್ತದೆ. ಹಾಕಿ ನೋಡಿದ್ದೇನೆ.
ಕೆಳಗೆ, ಆ ಬಿಸಿ ಕತ್ತಲಲ್ಲಿ
ಕ್ಯಾಂಪಿನ ಕ್ವಾರ್ಟರ್ಸು, ಸಂತೆ, ನಮ್ಮ ನೀರಿನ ಟ್ಯಾಂಕು
ಎಲ್ಲ ಹೊತ್ತು ನಿಂತಿತ್ತು.
ಇಲ್ಲಿ ಹೊರಲು ಏನೂ ಇಲ್ಲ.
ನಾನು ಹೊರಿಸುತ್ತೇನೆ.

ಮೊದಲು ಸುಮ್ಮನಿರುತ್ತದೆ.
ಆಮೇಲೆ ಒಗ್ಗರಣೆಯ ಸಾಸಿವೆಯಂತೆ ಒಂದು ಚಿಟ್,
ತಡೆದು ಇನ್ನೊಂದು.
ಚಿಟಚಿಟ ದಟ್ಟವಾದಾಗ ಗಾಜಿನ ಹಿಂದೆ ಸರಿಯುತ್ತೇನೆ.
ಕೊನೆಯದು ಸದ್ದಲ್ಲ, ಏಟು.
ವಹಿಯಲ್ಲಿ ಬರೆಯುತ್ತೇನೆ: ಇಷ್ಟು ಭಾರ. ಓರೆಯಾಗಿ ಸೀಳಿತು.

ನನ್ನ ಅಂಕಿಗಳನ್ನು ಮೌನೇಶ ಒಯ್ಯುತ್ತಾನೆ.
ಅವನ ಪರದೆಯಲ್ಲಿ ಇಡೀ ಗಣಿ
ಚಂದಮ್ಮತ್ತಿ ಹೊಲಿದ ಕೌದಿಯ ಹಾಗೆ:
ಮೂರು ಮೂಲೆಯ ತುಂಡುಗಳು, ಎರಡು ಲಕ್ಷ.
ಪ್ರತಿ ತುಂಡೂ ಪಕ್ಕದ ತುಂಡನ್ನು ಕೇಳಬೇಕು,
ನನಗಿಷ್ಟು ಬಂತು, ನಿನಗೆಷ್ಟು ಕೊಡಲಿ?
ಒಂದು ಒಲ್ಲೆ ಅಂದರೆ ಎಲ್ಲವೂ ಮತ್ತೆ ಮೊದಲಿಂದ.
ರಾತ್ರಿಯಿಡೀ ಕೇಳುತ್ತಲೇ ಇರುತ್ತವೆ,
ಬೆಳಿಗ್ಗೆ ಕೆಲವು ಕೆಂಪಾಗಿರುತ್ತವೆ.
ಅತ್ತಿಯ ಕೌದಿಯಲ್ಲೂ ಹರಿಯುತ್ತಿದ್ದದ್ದು
ತುಂಡಿನ ನಡುವಲ್ಲ, ಹೊಲಿಗೆಯ ಪಕ್ಕ ಅಂದೆ.
ಮೌನೇಶ ನಗಲಿಲ್ಲ. ಬರೆದುಕೊಂಡ.

ಅವನು ಅದನ್ನು ಮಾದರಿ ಅನ್ನುತ್ತಾನೆ,
ನಾನು ಇದನ್ನು ಮಾದರಿ ಅನ್ನುತ್ತೇನೆ.
ಒಂದೇ ಶಬ್ದ. ನನ್ನದು ಒಡೆದರೆ ಮತ್ತೆ ಕೂಡುವುದಿಲ್ಲ;
ಅವನದು ಕುಸಿದು, ಚಹಾ ಕುಡಿದು ಬರುವಷ್ಟರಲ್ಲಿ
ಎದ್ದು ನಿಂತಿರುತ್ತದೆ.

ಜನವರಿಯಲ್ಲಿ ಅವನ ಲೆಕ್ಕ ಹೇಳಿತು:
ಉತ್ತರದ ಕಂಬ, ಮಂಗಳವಾರ, ಹೆಚ್ಚೆಂದರೆ ಬುಧವಾರ.
ಹಾದಿಗೆ ಸರಪಳಿ ಬಿತ್ತು.
ತಿಂಗಳ ಬೋನಸ್ಸೂ ಸರಪಳಿಯ ಆಚೆಯೇ ಉಳಿಯಿತು.
ಮಂಗಳವಾರ ಏನೂ ಆಗಲಿಲ್ಲ.
ಬುಧವಾರ ಏನೂ ಆಗಲಿಲ್ಲ.
ಸಂತೆಯಲ್ಲಿ ಫೋರ್‌ಮನ್ ಜಿಲಾನಿ ಸಾಬರು
ಮೆಣಸಿನಕಾಯಿ ಆರಿಸುತ್ತಾ, ನಾಲ್ಕು ಜನಕ್ಕೆ ಕೇಳುವಂತೆ:
"ಏನವ್ವಾ, ನಿಮ್ಮ ಕಲ್ಲು ಬೀಳಾಕ ಮುಹೂರ್ತ ನೋಡಾಕತ್ತೈತೇನು?"
ನಾನೂ ನಕ್ಕೆ. ನಗದೆ ಏನು ಮಾಡಲಿ?

ಅಂದು ರಾತ್ರಿ ಮೌನೇಶ ನನ್ನ ವಹಿ ತರಿಸಿಕೊಂಡು
ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದ.
ನಾಲ್ಕನೇ ಕಲ್ಲಿಗೆ ಬಂದಾಗ ನೆನಪಾಯಿತು:
ಅದರ ಮೈಮೇಲೆ ಕೂದಲೆಳೆಯಷ್ಟು ಬಿರುಕಿತ್ತು.
ಅಲ್ಲಿಯದೋ, ನಾವು ಕೊರೆದಾಗ ಆದದ್ದೋ
ಗೊತ್ತಿಲ್ಲ. ನಾನು ಬರೆದಿರಲಿಲ್ಲ.

ಹನ್ನೊಂದನೆಯ ದಿನ ಬೆಳಗಿನ ಜಾವ
ಅಡುಗೆಮನೆಯಲ್ಲಿ ಬೋಗುಣಿಗಳು ಒಂದಕ್ಕೊಂದು ತಾಕಿದವು.
ಅಷ್ಟೇ. ಹಾಲು ಇನ್ನೂ ಬಂದಿರಲಿಲ್ಲ.
ಸರಪಳಿಯ ಆಚೆ ಯಾರೂ ಇರಲಿಲ್ಲ;
ಇಲಿಗಳಿದ್ದವೇನೋ.

ಜಿಲಾನಿ ಸಾಬರು ಮರುದಿನ ಲ್ಯಾಬಿಗೆ ಬಂದರು.
ಬಿಸಿ ಮಿರ್ಚಿಯ ಪೊಟ್ಟಣ ಮೇಜಿನ ಮೇಲಿಟ್ಟು
ಪ್ರೆಸ್ಸಿನ ಸುತ್ತ ಒಂದು ಸಲ ತಿರುಗಿ ಹೋದರು.
ಮೌನೇಶನ ಬಾಯಿಗೆ ಅದು ರುಚಿಸಲಿಲ್ಲ:
"ಹನ್ನೊಂದು ದಿನ ಈ ಕಡೆಗೆ ತಪ್ಪಿತು.
ಆ ಕಡೆಗೆ ತಪ್ಪಿದ್ದರೆ?"

ಪ್ರೆಸ್ಸಿಗೂ ಮಣಿಯದ ಕಲ್ಲೊಂದಿದೆ,
ಗಾಳಿಗೆ ಬಾಗಿಲು ಬಡಿಯದಂತೆ ಒತ್ತಿಟ್ಟಿದ್ದೇನೆ.
ವಹಿಯಲ್ಲಿ ಅದರ ಮುಂದೆ ಅಂಕಿಯಿಲ್ಲ, 'ಒಡೆದಿಲ್ಲ' ಎಂದಿದೆ.
ಮೊನ್ನೆ ಪೆನ್ಸಿಲಿನಲ್ಲಿ 'ಇನ್ನೂ' ಸೇರಿಸಿದೆ.

ಈಗ ಪ್ರತಿ ಕಲ್ಲನ್ನೂ ಒದ್ದೆ ಬಟ್ಟೆಯಿಂದ ಒರೆಸಿ
ಕಿಟಕಿಯ ಕಟ್ಟೆಯ ಮೇಲಿಡುತ್ತೇನೆ.
ನಮ್ಮ ಬಿಸಿಲಿಗೆ ನೀರು ನಿಲ್ಲುವುದಿಲ್ಲ,
ಬಿರುಕಿದ್ದರೆ ಮಾತ್ರ ಅಲ್ಲಿ
ದಾರದಂಥ ಒಂದು ತೇವ ತಡವಾಗಿ ಆರುತ್ತದೆ.
ಪ್ರೆಸ್ಸು ಶುರು ಮಾಡದೆ
ನೋಡುತ್ತಾ ಕೂರುತ್ತೇನೆ.