ಸದ್ದು ನಿಂತ ಜೋಡಿ

ತ್ಬಿಲಿಸಿಯ ಸೊಲೊಲಾಕಿ, ಮೂರನೇ ಮಹಡಿ.
ಗೋಡೆ ಕೆರೆದರೆ ಸುಣ್ಣ, ಸುಣ್ಣದಡಿ ನೀಲಿ,
ನೀಲಿಯಡಿ ಯಾರದೋ ಕಾಲದ ಹಸಿರು,
ಹಸಿರಿನಡಿ ತಗಡಿನ ಡಬ್ಬಿ.
ಒಳಗೆ ಏಳು ಜೋಡಿ ಅಲ್ಯೂಮಿನಿಯಂ ತಂತಿ,
ಎಲ್ಲಕ್ಕೂ ಒಂದೇ ಮಾಸಿದ ಬಿಳಿ ಅಂಗಿ.
ಯಾವುದು ಎಲ್ಲಿಗೆ ಹೋಗುತ್ತದೆಂದು
ಎಳೆದ ಪುಣ್ಯಾತ್ಮನಿಗೆ ಗೊತ್ತಿತ್ತು.
ಬರೆದಿಡಲಿಲ್ಲ.

"ಮೇನ್ ಆಫ್ ಮಾಡಿದ್ದೆ, ಆಣೆಗೂ," ಅಂದಳು ತ್ಸಿಯಾಲಾ,
"ಮೊಳೆ ಹೊಡೆಯಲು ಹೋದೆ,
ಮೊಳೆಯೇ ನನಗೆ ಹೊಡೆಯಿತು."

ಮೊದಲು ಪೆನ್ನು ತೆಗೆದೆ,
ಮುಟ್ಟದೆಯೇ ಕರೆಂಟು ಮೂಸುವ ಪೆನ್ನು.
ಮೊದಲನೆಯ ತಂತಿಗೆ ಹೂಂ ಅಂದಿತು.
ಎರಡನೆಯದಕ್ಕೂ ಹೂಂ.
ಹದಿನಾಲ್ಕಕ್ಕೂ, ಕೊನೆಗೆ ನನ್ನ ಹೆಬ್ಬೆರಳಿಗೂ.
ಕೋಲೆಬಸವ.
ಬದುಕಿದವನ ಪಕ್ಕ ಮಲಗಿಸಿದರೆ
ಸತ್ತವರ ಮೈಯೂ ಕೊಂಚ ಬೆಚ್ಚಗಾಗುತ್ತದಲ್ಲ,
ಅಷ್ಟು ಸಾಕು ಅದಕ್ಕೆ.

ಮೀಟರು ಇನ್ನೂ ಸೂಕ್ಷ್ಮ, ಅದಕ್ಕೇ ಇನ್ನೂ ಗೊಂದಲ:
ನಲವತ್ತೊಂದು, ಅರವತ್ತೆರಡು, ಮತ್ತೆ ನಲವತ್ತು.
ಗಾಳಿಸುದ್ದಿಗೂ ಅಂಕಿ ಹಚ್ಚಿ ಕೊಡುವ ಜಾಣ.

ಆಗ ಚೀಲದ ತಳದಿಂದ
ವಾಜಾ ಮೇಷ್ಟ್ರು ಬಿಟ್ಟುಹೋದ ದೀಪ:
ಕರಿ ಹೋಲ್ಡರು, ಎರಡು ಕಾಲು, ಫ್ರಿಜ್ಜಿನ ಪುಟ್ಟ ಬಲ್ಬು.
ದಡ್ಡ. ಹೊಟ್ಟೆಗೆ ಬಿದ್ದರಷ್ಟೇ ನಂಬುತ್ತದೆ.
"ಊಟ ಎಲ್ಲಿದೆ ಅಂತ ನೋಡೋಕೆ
ಹಸಿದವರನ್ನೇ ಕಳಿಸಬೇಕು ಹುಡುಗೀ," ಅನ್ನುತ್ತಿದ್ದ.
ಆರು ಜೋಡಿಗೆ ಅದು ಕಣ್ಣೇ ತೆರೆಯಲಿಲ್ಲ.
ಐದನೆಯದಕ್ಕೆ ತೆರೆಯಿತು.

ಯಾರ ಕರೆಂಟು?
ಮೆಟ್ಟಿಲ ಬಳಿಯ ಪೆಟ್ಟಿಗೆಯಲ್ಲಿ
ಒಂದೊಂದೇ ಫ್ಯೂಸು ತಿರುಚಿ ತೆಗೆಯುತ್ತಾ ಬಂದೆ.
ಕೆಳಗಿನ ಮಹಡಿಯಲ್ಲಿ ಯಾರದೋ ಟಿವಿ ಸತ್ತು ಬೈಗುಳ ಹುಟ್ಟಿತು.
ತ್ಸಿಯಾಲಾ ಒಳಗಿಂದ: ಇದೆ, ಇದೆ, ಇನ್ನೂ ಇದೆ...
ಪಕ್ಕದ ಮನೆಯ ಜುಂಬೇರನದು ತೆಗೆದಾಗ:
ಹೋಯ್ತು.

ತಂತಿ ಸತ್ತ ಮೇಲೆಯೇ ಸದ್ದಿನ ಸರದಿ.
ಬದುಕಿರುವಾಗ ಕಟ್ಟಿದರೆ ಕೂಗುವ ಪೆಟ್ಟಿಗೆಯೇ ಸುಟ್ಟುಹೋಗುತ್ತದೆ;
ಒಂದು ಕಳೆದುಕೊಂಡು ಕಲಿತಿದ್ದೇನೆ.
ಈ ತುದಿಗೆ ಅದನ್ನು ಕಚ್ಚಿಸಿ
ಕೇಳುವ ಕೋಲು ಹಿಡಿದು ಗೋಡೆಗುಂಟ ಹೊರಟೆ.
ಗೋಡೆಗೆ ಕಿವಿ ಇದೆ ಅಂತಾರೆ.
ಬಾಯೂ ಇದೆ. ಸೊಳ್ಳೆಯ ದನಿ.
ಒಲೆಯ ಹಿಂದೆ ಸಣ್ಣಗೆ, ಕಪಾಟಿನ ಮೂಲೆಯಲ್ಲಿ ಜೋರು,
ಆಮೇಲೆ ಈ ಮನೆಯಲ್ಲಿ ಎಲ್ಲೂ ಇಲ್ಲ.

ಜುಂಬೇರನ ಬಾಗಿಲು ತಟ್ಟಿದೆವು.
ಅರ್ಧ ಒಡೆದ ಆಕ್ರೋಟು ಕೈಯಲ್ಲಿ ಹಿಡಿದೇ ಬಂದ.
ಅವನ ಕೋಣೆಯಲ್ಲಿ, ಮಂಚದ ತಲೆಯ ಹಿಂದೆ,
ಸೊಳ್ಳೆ ಕಿರುಚಿತು.

"ಅದಾ? ಮರೆತೇಬಿಟ್ಟಿದ್ದೆ.
ಆ ಕತ್ತಲ ಚಳಿಗಾಲಗಳು... ಊರೆಲ್ಲ ಆರಿದ್ದಾಗ
ನನ್ನ ಕೋಣೆ ಆಸ್ಪತ್ರೆಯ ಲೈನಿನಲ್ಲಿತ್ತು,
ಹೇಗೆ ಅಂತ ಕೇಳಬೇಡಿ.
ನಿನ್ನಮ್ಮನಿಗೆ ಒಂದು ಬಲ್ಬಿನಷ್ಟು ದಾಟಿಸಿದ್ದೆ.
ಹೇಳಿದ್ದರೆ ಬೇಡ ಅನ್ನುತ್ತಿದ್ದಳು.
ಅವಳ ಗತ್ತು ಗೊತ್ತಲ್ಲ."

ತ್ಸಿಯಾಲಾ ಮಂಚದ ಅಂಚಿಗೆ ಕೂತಳು.
"ದಿನಾ ಸಂಜೆ ಅಮ್ಮ
ನಗರಸಭೆಯನ್ನು ಹರಸುತ್ತಿದ್ದಳು."
"ಕೇಳಿಸುತ್ತಿತ್ತು," ಅಂದ.

ಖಚಿತಕ್ಕೆ ಇನ್ನೊಂದು ಹೆಜ್ಜೆ ಇದೆ:
ಆ ತುದಿಯ ಎರಡೂ ಎಳೆ ಬಿಡಿಸಿ
ಒಂದಕ್ಕೊಂದು ಮುಟ್ಟಿಸಬೇಕು.
ಬೇರೆ ಜೋಡಿಯಾದರೆ ಕೂಗು ನಿಲ್ಲುವುದಿಲ್ಲ.
ಮುದುಕನ ಕೈಗೇ ಕೊಟ್ಟೆ.
ಮುಟ್ಟಿಸಿದ.

ನಿಂತಿತು.

ನಿಯಮದಂತೆ ಕತ್ತರಿಸಿ ಎರಡೂ ತುದಿಗೆ ಟೋಪಿ ಹಾಕಿದೆ.
ಬಿಳಿ ಟೇಪಿನ ಮೇಲೆ ಬರೆದೆ:
೫. ಜುಂಬೇರನಿಂದ. ಈಗ ಖಾಲಿ.
ಹಳೆಯ ಬಿಲ್ಲು ಯಾರು ಕೊಡಬೇಕೆಂಬ ಅವರಿಬ್ಬರ ಜಗಳ
ನಾನು ಚೀಲ ಕಟ್ಟುವಾಗಲೇ ಶುರುವಾಗಿತ್ತು:
ತಗೋ ಅಂತ ಅವಳು, ಮುಟ್ಟಲ್ಲ ಅಂತ ಅವನು.
ಮೆಟ್ಟಿಲಿಳಿಯುವಾಗ ಜೇಬಿನ ಪೆನ್ನು
ಯಾವುದಕ್ಕೋ ಹೂಂ ಅಂದಿತು.